ತೊಟ್ಟಿಯ ಮೀನು

ನಂಜನಗೂಡಿನ ಸ್ನಾನಘಟ್ಟದಲ್ಲಿ ಮೀನಿಗೆ ಕಡಲೆಪುರಿ ಹಾಕುವ ಭಕ್ತರನ್ನು ನೋಡಿದರೆ ಒಬ್ಬೊಬ್ಬರಿಗೆ ಒಂದೊಂದು ತೋಚುತ್ತದೆ. ನಮ್ಮ ಅವ್ವನಿಗೆ ಪುಣ್ಯ ತೋಚುತ್ತಿತ್ತು. ನಮ್ಮ ಮ್ಯಾನೇಜರಿಗೆ ಮೋಸ ತೋಚಿತು.

ಅವರು ಹೆಂಡತಿಯ ಬಲವಂತಕ್ಕೆ ಒಂದು ಸೋಮವಾರ ದೇವಸ್ಥಾನಕ್ಕೆ ಹೋಗಿ, ಕೈಕಾಲು ತೊಳೆಯಲೆಂದು ಕಪಿಲೆಯ ಮೆಟ್ಟಿಲಿಳಿದರಂತೆ. ಯಾರೋ ಪುರಿ ಎರಚಿದರು. ಮೀನು ಒಂದರ ಮೇಲೊಂದು ಬಿದ್ದು ನೀರೆಲ್ಲ ಕದಡಿಹೋಯಿತು. ಎರಚಿದವರ ಮುಖ ಅರಳಿತು, ಸುತ್ತ ನಿಂತವರ ಮುಖವೂ ಅರಳಿತು. ಮೀನು ಕುಣಿಯುವಾಗ ಯಾರೂ ನೀರಿನ ಬಗ್ಗೆ ಯೋಚಿಸುವುದಿಲ್ಲ ಎಂಬುದು ಆ ಮನುಷ್ಯನಿಗೆ ಅಲ್ಲಿ ಹೊಳೆಯಿತು. ಅವರು ಇಡೀ ಜೀವಮಾನದಲ್ಲಿ ಸ್ವಂತ ಬುದ್ಧಿಯಿಂದ ಕಂಡುಹಿಡಿದದ್ದು ಇದೊಂದೇ. ಮರುದಿನ ಬೆಳಿಗ್ಗೆಯೇ ಗಾರೆಯವರನ್ನು ಕರೆಸಿ, ಕಾರ್ಖಾನೆಯ ನೀರು ಹೊರಗೆ ಹೋಗುವ ಬಾಯಿಯ ಪಕ್ಕದಲ್ಲೇ ಒಂದು ತೊಟ್ಟಿ ಕಟ್ಟಿಸಿದರು. ಅದಕ್ಕೆ ಒಳಗಡೆ ನೀಲಿ ಬಣ್ಣ ಹೊಡೆಸಿದರು. ಮುಂದೆ ಒಂದು ಬೋರ್ಡು: ‘ಈ ಮೀನುಗಳು ನಮ್ಮ ಶುದ್ಧೀಕರಿಸಿದ ನೀರಿನಲ್ಲಿ ಬೆಳೆಯುತ್ತಿವೆ.’

ತೊಂಬತ್ತರ ದಶಕದ ನಡುವಿನ ಮಾತು ಇದು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಮೂಲೆಯಲ್ಲಿ ಬಟ್ಟೆಗೆ ಹಾಕುವ ಬಣ್ಣದ ಪುಡಿ ಮಾಡುವ ಸಣ್ಣ ಕಾರ್ಖಾನೆಯೊಂದಿತ್ತು. ಹೆಸರು ಬೇಡ. ಈಗ ಅದು ಮುಚ್ಚಿದೆ, ಸತ್ತವರ ಹೆಸರೆತ್ತಿ ಬೈಯಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಅಲ್ಲಿಯ ಲ್ಯಾಬಿನಲ್ಲಿ ಸಹಾಯಕ. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯವನು, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಬಂದವನು. ಓದಿದ ಕೆಮಿಸ್ಟ್ರಿಗೂ ಆ ಲ್ಯಾಬಿಗೂ ಇದ್ದ ಸಂಬಂಧ ಅಷ್ಟರಲ್ಲೇ ಇತ್ತು. ಹೊರಗೆ ಹೋಗುವ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಬಣ್ಣ ಹೋಗುತ್ತದೆ, ವಿಷ ಹೋಗುವುದಿಲ್ಲ ಎಂದು ಗೊತ್ತಾಗುವುದಕ್ಕೆ ಬಿ.ಎಸ್ಸಿ. ಬೇಕಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಂಬಳ ಕೊಡುತ್ತಿದ್ದರು.

ಮ್ಯಾನೇಜರು ದಿನಾ ಮೈಸೂರಿನಿಂದ ಕಾರಿನಲ್ಲಿ ಬರುತ್ತಿದ್ದರು. ಕುಡಿಯುವ ನೀರನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಿದ್ದರು. ನಾನಿದ್ದಷ್ಟು ಕಾಲದಲ್ಲಿ ಆ ಕಾಂಪೌಂಡಿನೊಳಗಿನ ಒಂದು ಹನಿ ನೀರು ಅವರ ಗಂಟಲಿಗೆ ಇಳಿದದ್ದನ್ನು ಕಾಣೆ. ಕಾಫಿಯೂ ಫ್ಲಾಸ್ಕಿನದೇ. ನೀರು ಹೊರಹೋಗುವ ಕಡೆ ನಡೆಯುವಾಗ ಕರವಸ್ತ್ರ ಮೂಗಿಗೆ ಬರುತ್ತಿತ್ತು, ಯಾರಾದರೂ ದೊಡ್ಡವರು ಜೊತೆಯಲ್ಲಿದ್ದರೆ ಮಾತ್ರ ಜೇಬಿಗೆ ಹೋಗುತ್ತಿತ್ತು. ಇಂಥವರು ನಮಗೆಲ್ಲ ಪ್ರತಿ ತಿಂಗಳು ನಿಷ್ಠೆಯ ಮೇಲೆ ಭಾಷಣ ಮಾಡುತ್ತಿದ್ದರು.

ತೊಟ್ಟಿಗೆ ಮೊದಲ ಸಲ ಮೀನು ಬಿಟ್ಟಾಗ ಅವರು ನಿಜವಾಗಿಯೂ ಕಾರ್ಖಾನೆಯ ನೀರನ್ನೇ ತುಂಬಿಸಿದ್ದರು. ತಮ್ಮ ಸುಳ್ಳನ್ನು ತಾವೇ ನಂಬಿಬಿಟ್ಟಿದ್ದರೋ ಏನೋ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮ್ಯಾನೇಜರು ಬಂದರು, ನೋಡಿದರು, ನನ್ನ ಕಡೆ ತಿರುಗಿದರು.

“ಎಂಥಾ ಮೀನು ತಂದಿದೀಯಯ್ಯಾ? ಕ್ವಾಲಿಟಿ ನೋಡಿ ತರೋದಲ್ವಾ?”

ಮೀನಿನದೇ ತಪ್ಪು! ಎರಡನೆಯ ಸಲದ ಮೀನೂ ಅದೇ ತಪ್ಪು ಮಾಡಿದ ಮೇಲೆ, ಬೋರ್‌ವೆಲ್ಲಿನಿಂದ ನೆಲದಡಿ ಒಂದು ಪೈಪು ಎಳೆಸಿ ತೊಟ್ಟಿಗೆ ಸೇರಿಸಿದರು. ಬೋರ್ಡು ಮಾತ್ರ ಹಾಗೇ ಉಳಿಯಿತು. ಅಲ್ಲಿಂದ ಮುಂದೆ ಮೀನು ಬದುಕಿದವು. ಆದರೂ ಆಗಾಗ ಕಡಿಮೆಯಾಗುತ್ತಿದ್ದವು. ಒಂದಷ್ಟನ್ನು ಮಿಂಚುಳ್ಳಿ ಎತ್ತಿಕೊಂಡು ಹೋಗುತ್ತಿತ್ತು, ಉಳಿದದ್ದು ರಾತ್ರಿ ಪಾಳಿಯ ಕಾವಲಿನವರ ಸಾರಿಗೆ ಬೀಳುತ್ತಿತ್ತು. ಅವರನ್ನು ನಾನು ದೂರುವುದಿಲ್ಲ. ಆ ಕಾರ್ಖಾನೆಯಲ್ಲಿ ತೊಟ್ಟಿಯಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅವರೊಬ್ಬರಿಗೇ.

ಮೀನು ತರುವ ಕೆಲಸ ಮೊದಲಿನಿಂದಲೂ ನನ್ನ ಪಾಲಿನದೇ. “ನೀನು ಹೊಳೆ ಕಡೆಯವನಲ್ವೇನಯ್ಯಾ, ನಿಂಗಿದೆಲ್ಲ ಅಭ್ಯಾಸ ಇರುತ್ತೆ” ಎಂದು ಮ್ಯಾನೇಜರು ಅಪ್ಪಣೆ ಮಾಡಿದ್ದರು. ಹೊಳೆ ಕಡೆಯವನು ಎಂದರೆ ಅವರ ಬಾಯಲ್ಲಿ ಊರಲ್ಲ, ಜಾತಿ ಎಂದು ನನಗೆ ಗೊತ್ತಿತ್ತು. ಲ್ಯಾಬಿನ ಮುಖ್ಯಸ್ಥನಾಗಿ ಕೂತಿದ್ದವನು ಅವರ ಬಾಮೈದ. ಆತ ಬಿ.ಎಸ್ಸಿ.ಯನ್ನು ಮೂರು ಸಲ ಕಟ್ಟಿ ಮೂರು ಸಲವೂ ಅಲ್ಲೇ ಬಿಟ್ಟು ಬಂದವನು. ಆತ ಪರ್ಮನೆಂಟು, ನಾನು ಕಾಂಟ್ರಾಕ್ಟು. ಆತ ಕೆಡಿಸಿದ ಬ್ಯಾಚಿಗೆ ಬೈಗುಳ ತಿನ್ನುವವನು ನಾನು, ನಾನು ಸರಿಮಾಡಿದ ಬ್ಯಾಚಿಗೆ ಶಹಬ್ಬಾಸ್‌ಗಿರಿ ತೆಗೆದುಕೊಳ್ಳುವವನು ಆತ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಅಲ್ಲಿ ಮೇಕೆಯಾಗಿರುವುದಕ್ಕೇ ನನ್ನನ್ನು ನೇಮಿಸಿಕೊಂಡಿದ್ದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಹಿಡಿದು ನರಸೀಪುರಕ್ಕೆ ಹೋಗುತ್ತಿದ್ದೆ. ಸಂಗಮದ ಹತ್ತಿರ ತೆಪ್ಪ ಹಾಕುವ ಒಬ್ಬ ಮುದುಕ ನನಗೆ ಮೀನು ಕೊಡುತ್ತಿದ್ದ. ಸತ್ತ ಮೀನು ಬೇಡ, ಜೀವ ಇರುವುದೇ ಬೇಕು, ಗೆಂಡೆ, ಜಿಲೇಬಿ ಯಾವ ಜಾತಿಯ ಮೀನಾದರೂ ಆಗಬಹುದು, ನೋಡಲು ಚೆನ್ನಾಗಿರಬೇಕು ಎಂದು ನಾನು ಹೇಳಿದಾಗ ಅವನು ಬೀಡಿ ತೆಗೆದು ನನ್ನನ್ನು ನೋಡಿದ.

“ಏನ್ ಮಾಡೀರಿ ಇಷ್ಟ್ ಚಂದದ್ ಮೀನಾ?”

“ಸಾಕೋಕೆ.”

“ಸಾಕಿ? ಆಲು ಕರೆದೀರಾ?”

ನಾನು ಡಬ್ಬದ ಬಾಯಿ ಮುಚ್ಚಿಕೊಂಡು ಬಸ್ಸಿಗೆ ನಡೆದೆ. ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನದು ಇನ್ನೊಂದು ರಗಳೆ. ಡಬ್ಬಕ್ಕೆ ಲಗೇಜ್ ಟಿಕೇಟು ಹರಿಯಬೇಕು ಎಂದು ಅವನ ವಾದ. “ಏನ್ಸಾ, ನೀರು ತಗಂಡೋಗ್ತಿದೀರಿ ನಂಜನಗೂಡ್ಗೆ? ಅಲ್ಲೇನ್ ಒಳೆ ಬತ್ತೋಯ್ತಾ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಡಬ್ಬದ ನೀರು ಪಕ್ಕದವರ ಕಾಲ ಮೇಲೆ ಚೆಲ್ಲುತ್ತಿತ್ತು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಮೀನಿನ ವಾಸನೆ ಹೊಡೆಯುತ್ತಾ, ಬೈಸಿಕೊಳ್ಳುತ್ತಾ ಕಾರ್ಖಾನೆಯ ಗೇಟಿಗೆ ಬರುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಹಾಗಾದರೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ, ಪರವಾಗಿಲ್ಲ. ಕೇಳುವವರು ಸಾಮಾನ್ಯವಾಗಿ ಪರ್ಮನೆಂಟ್ ಆಗಿರುತ್ತಾರೆ. ನನಗೆ ಮುಡುಕುತೊರೆ ಕಡೆಯ ಒಂದು ಹೆಣ್ಣು ಗೊತ್ತಾಗಿತ್ತು, ಹುಡುಗಿಗೂ ನಾನು ಒಪ್ಪಿಗೆಯಾಗಿದ್ದೆ. ಅವಳ ಅಪ್ಪ ಮಾತ್ರ “ಕೆಲ್ಸ ಗಟ್ಟಿಯಾಗ್ಲಿ, ಆಮೇಲ್ ನೋಡಾನ” ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡಿದ್ದರು. ಮ್ಯಾನೇಜರಿಗೆ ಇದು ಹೇಗೋ ತಿಳಿದಿತ್ತು. ಅಂದಿನಿಂದ ಅವರು ನನ್ನ ಮೂಗಿಗೆ ತುಪ್ಪ ಸವರುತ್ತಲೇ ಬಂದರು. ಈ ಯುಗಾದಿಗೆ ಪರ್ಮನೆಂಟ್ ಆರ್ಡರು, ಆ ದಸರಾಕ್ಕೆ ಆರ್ಡರು. ಪ್ರತಿ ತಪಾಸಣೆಗೆ ಮುಂಚೆ ತುಪ್ಪ ಸವರಿ, ಮುಗಿದ ಮೇಲೆ ಅವರೇ ಒರೆಸಿಬಿಡುತ್ತಿದ್ದರು.

ತಪಾಸಣೆ ಎಂದರೆ ಒಂದು ನಾಟಕ. ಹೊರಹೋಗುವ ನೀರನ್ನು ಪರೀಕ್ಷಿಸುವ ಸರ್ಕಾರಿ ಅಧಿಕಾರಿಗಳು ಬರುವ ಎರಡು ದಿನ ಮುಂಚಿನಿಂದ ಮೀನಿಗೆ ತಿನ್ನಲು ಏನೂ ಹಾಕಕೂಡದು ಎಂದು ಮ್ಯಾನೇಜರ ಕಟ್ಟಪ್ಪಣೆ. ಹಸಿದ ಮೀನು ಚೆನ್ನಾಗಿ ಕುಣಿಯುತ್ತದೆ. ಬಂದವರ ಕೈಗೆ ಒಂದು ತಟ್ಟೆಯಲ್ಲಿ ಪುರಿ ಕೊಡುತ್ತಿದ್ದರು. ಅವರು ಎರಚುತ್ತಿದ್ದರು, ಮೀನು ಹಾರುತ್ತಿದ್ದವು, ಎಲ್ಲರೂ ನಗುತ್ತಿದ್ದರು. ಒಬ್ಬ ಅಧಿಕಾರಿಯಂತೂ ಚಪ್ಪಲಿ ಬಿಟ್ಟು, ಪುರಿ ಎರಚಿ, ಕಣ್ಣಿಗೊತ್ತಿಕೊಂಡರು. ಹತ್ತು ಹೆಜ್ಜೆ ಆಚೆ ಹಳ್ಳಕ್ಕೆ ಬೀಳುತ್ತಿದ್ದ ನಿಜವಾದ ನೀರನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಪುಣ್ಯ ಸಿಕ್ಕಿದ ಮೇಲೆ ನೀರು ಯಾಕೆ?

ಆ ಹಳ್ಳ ಕಾರ್ಖಾನೆಯ ಹಿಂದಿನಿಂದ ಇಳಿದು ಒಂದು ಸಣ್ಣ ಊರಿನ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಹಳ್ಳದ ದಂಡೆಯಲ್ಲೇ ಒಂದು ಬಾವಿ. ಆ ಬಾವಿಯ ನೀರು ಕುಡಿಯುವ ಕೇರಿಯಿಂದ ನಮ್ಮ ಗೆಸ್ಟ್‌ಹೌಸಿಗೆ ಅಡುಗೆಗೆ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ಜೋರು, ಕೈ ರುಚಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಎಷ್ಟು ಹೇಳಿದರೂ ಬಿಡದೆ ‘ಸಾ’ ಎನ್ನುತ್ತಿದ್ದರು. ಮಿಕ್ಕ ಅಡುಗೆಯನ್ನು ನನಗೆ ತೆಗೆದಿಡುವ ಒಬ್ಬರೇ ಜೀವ ಆ ಕಾಂಪೌಂಡಿನಲ್ಲಿ.

ಒಂದು ಬೇಸಿಗೆ. ಹಳ್ಳದಲ್ಲಿ ನಮ್ಮ ನೀರು ಬಿಟ್ಟರೆ ಬೇರೆ ನೀರಿಲ್ಲ. ಅಕ್ಕ ಪಾತ್ರೆ ಉಜ್ಜುತ್ತಾ ಕೇಳಿದರು:

“ಸಾ, ಒಂದ್ ಮಾತ್ ಕೇಳ್ತೀನಿ. ನಮ್ ಬಾವಿ ನೀರು ಏನೋ ಒಂಥರ ವಾಸ್ನೆ ಒಡೀತದೆ ಕಣ್ಸಾ. ನಮ್ಮತ್ತೆ ಕುಡಿಯಾಕಿಲ್ಲ ಅಂತ ರಂಪ ಮಾಡ್ತಾಳೆ. ನಾನೇಯ ಬೈದೆ. ಅದೇ ನೀರ್ನಾಗೆ ಮೀನು ಎಂಗ್ ಕುಣೀತವೆ ಗೊತ್ತಾ, ನಾನ್ ಕಣ್ಣಾರೆ ದಿನಾ ನೋಡ್ತೀನಿ, ಮೀನ್ಗಾಗದು ನಿಂಗಾಗಕಿಲ್ವಾ, ಸುಮ್ಕೆ ಕುಡಿ ಅಂದೆ. ಸರಿಯಾಗಂದ್ನಾ ಸಾ?”

ಅಲ್ಲಿಯವರೆಗೆ ಆ ತೊಟ್ಟಿ ನನಗೆ ದೊಡ್ಡವರು ದೊಡ್ಡವರಿಗೆ ತೋರಿಸುವ ಬೊಂಬೆಯಾಟವಾಗಿತ್ತು. ಮೋಸ ಹೋಗುತ್ತಿದ್ದವರೆಲ್ಲ ಮೋಸ ಹೋಗಲು ಸಂಬಳ ತೆಗೆದುಕೊಳ್ಳುವವರೇ, ಹೋಗಲಿ ಬಿಡು ಎಂದುಕೊಂಡಿದ್ದೆ. ಈಗ ನಾನು ಬಸ್ಸಿನಲ್ಲಿ ತಂದ ಮೀನನ್ನು ನೋಡಿ ಒಬ್ಬಳು ಸೊಸೆ ತನ್ನ ಅತ್ತೆಗೆ ಗದರಿಸಿ ಆ ನೀರು ಕುಡಿಸುತ್ತಿದ್ದಾಳೆ.

“ಅಕ್ಕ, ಬೇರೆ ಕಡೆಯಿಂದ ತನ್ನಿ ನೀರು” ಎಂದೆ.

“ಬ್ಯಾರೆ ಕಡೆ ಎಲ್ಲೈತೆ ಸಾ? ಮೇಗಲ ಬೀದಿ ಬಾವಿಗೆ ನಮ್ಮುನ್ನ ಬುಟ್ಟಾರಾ?” ಎಂದು ಅವರು ನಕ್ಕರು. ನಕ್ಕು ಪಾತ್ರೆ ಉಜ್ಜಿದರು.

ಅವತ್ತೇ ಮ್ಯಾನೇಜರ ಕೋಣೆಗೆ ಹೋದೆ. ಹಳ್ಳದ ದಂಡೆಯ ಬಾವಿಯ ನೀರನ್ನು ಜನ ಕುಡಿಯುತ್ತಿದ್ದಾರೆ, ನಮ್ಮ ನೀರು ಅದಕ್ಕೆ ಇಳಿಯುತ್ತಿದೆ, ಕುಡಿಯಬೇಡಿ ಎಂದಾದರೂ ಹೇಳಬೇಕು, ಆ ಕೇರಿಗೆ ಒಂದು ಬೋರಿಂಗ್ ಹಾಕಿಸಿದರೆ ಕಂಪನಿಗೆ ದೊಡ್ಡ ಭಾರವೇನಲ್ಲ ಎಂದೆ. ಅವರು ಫ್ಲಾಸ್ಕಿನಿಂದ ನೀರು ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ನನಗೆ ಕೂತುಕೋ ಎನ್ನಲಿಲ್ಲ, ಎಂದೂ ಅಂದದ್ದಿಲ್ಲ.

“ನೀನು ಕಾಂಟ್ರಾಕ್ಟ್ ಕಣಯ್ಯಾ” ಎಂದರು. “ಈ ಆತ್ಮಸಾಕ್ಷಿ ಗೀತ್ಮಸಾಕ್ಷಿ ಎಲ್ಲ ಪರ್ಮನೆಂಟ್ ಆದ್ಮೇಲೆ ಇಟ್ಕೋ.”

ಬಾಮೈದ ಪಕ್ಕದಲ್ಲಿ ಕೂತು ಕಿಸಕ್ಕೆಂದು ನಕ್ಕ. ಊಟಕ್ಕಿಲ್ಲದ ಉಪ್ಪಿನಕಾಯಿ.

ಆ ಬೇಸಿಗೆ ಮುಗಿಯುವ ಮೊದಲೇ ಹಳ್ಳದ ವಾಸನೆ ಮೇಗಲ ಬೀದಿಯವರ ಮೂಗಿಗೂ ತಲುಪಿತು. ಅವರಿಗೆ ತಲುಪಿದರೆ ಸುದ್ದಿ, ಕೇರಿಯವರಿಗೆ ತಲುಪಿದ್ದು ಸುದ್ದಿಯಲ್ಲ. ಪಂಚಾಯಿತಿ ಅಧ್ಯಕ್ಷರು ಒಂದು ದೂರು ಬರೆದರು. ನೀರಿನ ತಪಾಸಣೆಗೆ ಹೊಸ ಅಧಿಕಾರಿಯೊಬ್ಬರು ಬರುವರೆಂದೂ, ಅಧ್ಯಕ್ಷರೂ ಜೊತೆಯಲ್ಲಿರುವರೆಂದೂ, ಮಧ್ಯಾಹ್ನ ಗೆಸ್ಟ್‌ಹೌಸಿನಲ್ಲಿ ಊಟವೆಂದೂ ಗೊತ್ತಾಯಿತು. ಊಟ ಗೊತ್ತಾದ ಮೇಲೆ ತಪಾಸಣೆಯ ಫಲಿತಾಂಶವೂ ಗೊತ್ತಾದ ಹಾಗೆಯೇ.

ಮ್ಯಾನೇಜರು ನನ್ನನ್ನು ಕರೆಸಿದರು. ಅವತ್ತು ಮುಖದ ತುಂಬ ಅಕ್ಕರೆ.

“ನೋಡಯ್ಯಾ, ಆಫೀಸರು ಕರಾವಳಿ ಕಡೆಯವರು, ಮೀನು ಅಂದ್ರೆ ಪ್ರಾಣ. ಈ ಸಲ ಎರಡರಷ್ಟು ತಾ. ಅರ್ಧ ತೊಟ್ಟಿಗೆ, ಅರ್ಧ ಅಡುಗೆಮನೆಗೆ. ಇನ್ನೊಂದು ವಿಷ್ಯ. ನಾನು ಹೇಳಿದ್ರೆ ಕಂಪನಿಯವನು ಹೇಳ್ದ ಅಂತಾರೆ. ನೀನು ಇದೇ ಸೀಮೆಯವನು, ಹೊಳೆ ಮೀನು ಬಲ್ಲವನು. ನೀನು ಹೇಳ್ಬೇಕು. ‘ಸರ್, ಈ ಮೀನು ನಮ್ಮ ಕಾರ್ಖಾನೆ ನೀರಲ್ಲೇ ಬೆಳೆದಿದ್ದು, ನಾನೇ ಸಾಕಿದ್ದು.’ ಅಷ್ಟೇ. ಅದಾದ ಮಾರನೇ ದಿನ ನಿನ್ನ ಆರ್ಡರು. ಮದುವೆ ಮಾಡ್ಕೋ ಹೋಗು.”

ಎರಡು ಸಲ ನನ್ನ ಬಾಯಲ್ಲಿ ಹೇಳಿಸಿದರು ಕೂಡ. ಬಾಮೈದನನ್ನು ಅಧಿಕಾರಿಯ ಹಾಗೆ ಎದುರಿಗೆ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಆತ ಆ ಪಾತ್ರದಲ್ಲಿ ಚೆನ್ನಾಗಿ ತಲೆದೂಗಿದ.

ನಾನು ನರಸೀಪುರಕ್ಕೆ ಹೋಗಿ ಎರಡು ಡಬ್ಬ ಮೀನು ತಂದೆ. ಆ ಸಲ ಮುದುಕ ಬಲು ಒಳ್ಳೆಯ ಮೀನು ಕೊಟ್ಟ, ಹೊಳೆಯ ಮಧ್ಯದಿಂದ ಆಗತಾನೆ ಎತ್ತಿದ್ದು, ಬೆಳ್ಳಿಯ ಹಾಗೆ ಮಿರುಗುತ್ತಿತ್ತು. ಒಂದು ಡಬ್ಬವನ್ನು ತೊಟ್ಟಿಗೆ ಸುರಿದೆ, ಇನ್ನೊಂದನ್ನು ಅಕ್ಕನಿಗೆ ಕೊಟ್ಟೆ. ನಾನು ಏನು ಮಾಡಬೇಕೆಂದು ನಿರ್ಧರಿಸಿರಲಿಲ್ಲ. ಆ ಮಾತನ್ನು ಹೇಳಿದರೆ ಅದನ್ನು ಅಧ್ಯಕ್ಷರು ಊರಿಗೆ ಒಯ್ಯುತ್ತಾರೆ, ಕೇರಿಯ ಮುದುಕಿ ಇನ್ನೊಂದಷ್ಟು ಕಾಲ ಗದರಿಸಿಕೊಂಡು ಕುಡಿಯುತ್ತಾಳೆ. ಹೇಳದಿದ್ದರೆ ಮುಡುಕುತೊರೆಯ ಕಡೆಯ ಹುಡುಗಿಯನ್ನು ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಇಷ್ಟು ಮಾತ್ರ ಗೊತ್ತಿತ್ತು.

ತೊಟ್ಟಿಯ ಹತ್ತಿರ ಎಲ್ಲ ಎಂದಿನಂತೆ ನಡೆಯಿತು. ಅಧಿಕಾರಿ ಪುರಿ ಎರಚಿದರು, ಅಧ್ಯಕ್ಷರೂ ಎರಚಿದರು. ಮೀನು ಹಾರಿದವು. ಮ್ಯಾನೇಜರು ನನ್ನ ಕಡೆ ನೋಡಿ ಕೆಮ್ಮಿದರು. ನಾನು ಮೀನು ನೋಡುತ್ತಾ ನಿಂತೆ. ಇನ್ನೊಂದು ಸಲ ಕೆಮ್ಮಿದರು. ಕೊನೆಗೆ ಅವರೇ “ಎಲ್ಲ ನಮ್ಮ ನೀರೇ ಸರ್” ಎಂದು ಹಲ್ಲು ಕಿರಿದರು. ಅಧಿಕಾರಿ “ವೆರಿ ಗುಡ್” ಎಂದರು, ಗಡಿಯಾರ ನೋಡಿಕೊಂಡರು. ಬಾಮೈದ ತುಂಬಿಟ್ಟಿದ್ದ ಬೋರ್‌ವೆಲ್ ನೀರಿನ ಬಾಟಲಿಯನ್ನು ಪರೀಕ್ಷೆಯ ಸ್ಯಾಂಪಲ್ಲೆಂದು ಅವರ ಜೀಪಿನಲ್ಲಿ ಇಟ್ಟ.

ಗೆಸ್ಟ್‌ಹೌಸಿಗೆ ನಡೆಯುವಾಗ ಮ್ಯಾನೇಜರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಎಳೆದರು.

“ಬಾಯಲ್ಲಿ ಕಡುಬು ಇಟ್ಕೊಂಡಿದ್ದೆಯೇನೋ? ಊಟದ ಹೊತ್ತಿಗಾದ್ರೂ ಹೇಳು. ಬಡಿಸೋ ನೆಪದಲ್ಲಿ ಅಲ್ಲೇ ನಿಂತ್ಕೋ. ಹೇಳ್ಲಿಲ್ಲ, ನಾಳೆಯಿಂದ ಬರ್ಬೇಡ.”

ಊಟದ ಹೊತ್ತಿಗೆ ಹೇಳು. ಅಪ್ಪಣೆ ಅವರದೇ. ನಾನು ಇಲ್ಲಿಯವರೆಗೂ ಅದನ್ನು ನೆನೆದು ಅವರಿಗೆ ಕೃತಜ್ಞನಾಗಿದ್ದೇನೆ.

ಮೇಜಿನ ಸುತ್ತ ನಾಲ್ವರು ಕೂತರು: ಅಧಿಕಾರಿ, ಅಧ್ಯಕ್ಷರು, ಮ್ಯಾನೇಜರು, ಬಾಮೈದ. ನಾನು ನೀರಿನ ಜಗ್ಗು ಹಿಡಿದು ನಿಂತೆ. ಅದೂ ಮ್ಯಾನೇಜರ ಫ್ಲಾಸ್ಕಿನಿಂದ ಬಗ್ಗಿಸಿದ ಮೈಸೂರು ನೀರು. ಅಕ್ಕ ಮುದ್ದೆ, ಮೀನಿನ ಸಾರು, ಹುರಿದ ಮೀನಿನ ದೊಡ್ಡ ತಟ್ಟೆ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಖಾರ, ಬೆಳ್ಳುಳ್ಳಿ, ಹುಣಸೆಯ ವಾಸನೆಗೆ ಕೋಣೆಯೇ ಬಾಯಿ ಬಿಟ್ಟಿತ್ತು. ಅಧ್ಯಕ್ಷರು ಆಗಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಿದ್ದರು. ಅಧಿಕಾರಿ ತುಂಡನ್ನು ಎತ್ತಿ ಮೂಸಿ, “ಆಹಾ, ಹೊಳೆ ಮೀನು ತಿಂದು ಎಷ್ಟು ಕಾಲವಾಯಿತು ಮಾರಾಯ್ರೆ! ಎಲ್ಲಿಂದ ತರಿಸಿದ್ದು?” ಎಂದರು.

ಮ್ಯಾನೇಜರು ನನ್ನ ಕಡೆ ಕಣ್ಣು ಮಿಟುಕಿಸಿದರು. ಪಾಪ, ಅಭ್ಯಾಸಬಲ. ಅವರಿಗೆ ಆ ಕ್ಷಣದಲ್ಲಿ ತಟ್ಟೆ ಬೇರೆ, ತೊಟ್ಟಿ ಬೇರೆ ಎಂಬುದೇ ಹೊಳೆಯಲಿಲ್ಲ.

ನಾನು ಒಂದು ಹೆಜ್ಜೆ ಮುಂದೆ ಬಂದು, ಕಲಿಸಿದ ಮಾತನ್ನು ಕಲಿಸಿದ ಹಾಗೆಯೇ ಸ್ಪಷ್ಟವಾಗಿ ಹೇಳಿದೆ: “ಸರ್, ಈ ಮೀನು ನಮ್ಮ ಕಾರ್ಖಾನೆ ನೀರಲ್ಲೇ ಬೆಳೆದಿದ್ದು. ನಾನೇ ಸಾಕಿದ್ದು.”

ಅಧಿಕಾರಿಯ ಕೈ ಬಾಯಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಅಧ್ಯಕ್ಷರ ದವಡೆ ಆಡುವುದು ನಿಂತಿತು. ಅವರು ಮುಳ್ಳು ಸಿಕ್ಕಿದವರಂತೆ ಬೆರಳು ಬಾಯೊಳಗೆ ಹಾಕಿ, ಇಡೀ ತುತ್ತನ್ನೇ ಹೊರಗೆ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಬಾಮೈದ ಎದ್ದು ಕೈತೊಳೆಯುವ ಕಡೆ ಓಡಿದ. ಅವನು ಉಗುಳುವುದು ನಮಗೆಲ್ಲ ಕೇಳಿಸಿತು. ಬೋರ್‌ವೆಲ್ ನೀರನ್ನು ಸ್ವತಃ ಬಾಟಲಿಗೆ ತುಂಬಿದವನು!

ಮ್ಯಾನೇಜರನ್ನು ನಾನು ಬಿಡದೆ ನೋಡುತ್ತಿದ್ದೆ. ಅಲ್ಲಿದ್ದವರಲ್ಲಿ ಹೆದರಬೇಕಾದ ಕಾರಣವೇ ಇಲ್ಲದವರು ಅವರೊಬ್ಬರು. ಮೀನು ನರಸೀಪುರದ್ದು ಎಂದು ಅವರಿಗೆ ಗೊತ್ತು, ತರಲು ಹೇಳಿದವರೇ ಅವರು. ಒಂದು ತುಂಡು ಬಾಯಿಗೆ ಹಾಕಿಕೊಂಡು ಚಪ್ಪರಿಸಿದ್ದರೆ ಅವರ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ಕೊನೆ ಸಿಗುತ್ತಿರಲಿಲ್ಲ. ಆದರೆ ಅವರು ನನ್ನ ಮುಖ ನೋಡಿದರು, ಮೀನನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಇವನು ನಿಜವಾಗಿಯೂ ಆ ನೀರಿನಲ್ಲಿ ಹಾಕಿ ತೆಗೆದನೋ ಏನೋ! ದಿನಾ ಮೋಸ ಮಾಡುವವನಿಗೆ ಇನ್ನೊಬ್ಬ ಮೋಸ ಮಾಡಿಲ್ಲ ಎಂದು ನಂಬುವ ಶಕ್ತಿಯೇ ಉಳಿದಿರುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಎಲ್ಲರಿಗಿಂತ ಮೊದಲು ತಮ್ಮ ತಟ್ಟೆಯನ್ನು ದೂರ ತಳ್ಳಿದರು.

ಆಮೇಲೆ ಮಾತು ಶುರುವಾಯಿತು. ಅಧಿಕಾರಿಗೆ ಬೆಳಗಿನಿಂದ ಹೊಟ್ಟೆ ಸರಿಯಿರಲಿಲ್ಲವಂತೆ. ಅಧ್ಯಕ್ಷರಿಗೆ ಅಂದು ಗುರುವಾರವೆಂಬುದು ಥಟ್ಟನೆ ನೆನಪಾಯಿತು, ಗುರುವಾರ ಅವರು ಮುಟ್ಟುವುದಿಲ್ಲವಂತೆ. ಮ್ಯಾನೇಜರು “ಮೊಸರನ್ನ ತಗೊಂಬಾರಮ್ಮ” ಎಂದು ಒಳಗೆ ಕೂಗಿದರು. ಮೂವರು ದೊಡ್ಡ ಮನುಷ್ಯರು ತಲೆ ತಗ್ಗಿಸಿಕೊಂಡು ಮೊಸರನ್ನ ತಿಂದರು. ಹೊಳೆ ಮೀನು ನಡುವಿನಲ್ಲಿ ತಣ್ಣಗಾಗುತ್ತಿತ್ತು. ಅಧಿಕಾರಿ ಕೈ ತೊಳೆದು, ಎಲ್ಲ ತೃಪ್ತಿಕರವಾಗಿದೆ ಎಂದು ಹೇಳಿ, ಜೀಪು ಹತ್ತಿದರು. ಹೌದು, ತೃಪ್ತಿಕರವೆಂದೇ ಹೇಳಿದರು. ಆ ಮನುಷ್ಯನ ಬಗ್ಗೆ ನಾನು ಹೇಳಬೇಕಾದ್ದು ಇನ್ನೇನೂ ಇಲ್ಲ.

ನಾನು ಹಿಂದಿನ ಮೆಟ್ಟಿಲಿಗೆ ಹೋದಾಗ ಅಕ್ಕ ಆ ತುಂಬಿದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದರು.

“ಅವ್ರ್ಯಾಕ್ ತಿನ್ನಿಲ್ಲ ಸಾ?”

“ಇದು ತೊಟ್ಟಿ ಮೀನು ಅಂದ್ಕೊಂಡ್ರು ಅಕ್ಕ.”

“ತೊಟ್ಟೀದಾದ್ರೇನು? ನೀರು ಚೆಂದಾಗದೆ ಅಂತಲ್ವಾ ಅವ್ರೇ…” ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಅವರ ಮುಖ ಬದಲಾಗುವುದನ್ನು ನಾನು ನೋಡಿದೆ. ಆಗ ಎಲ್ಲ ಹೇಳಿದೆ. ಪೈಪಿನ ವಿಷಯ, ಮೊದಲ ದಿನ ಸತ್ತು ತೇಲಿದ ಮೀನಿನ ವಿಷಯ, ನರಸೀಪುರದ ಬಸ್ಸಿನ ವಿಷಯ, ಬ್ಲೀಚಿಂಗ್ ಪೌಡರಿನ ವಿಷಯ. ಅವರು ಕೇಳಿದರು. ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡರು. “ಮುದ್ಕೀನ ಬೈದ್ಬುಟ್ನಲ್ಲಾ ಸಾ” ಎಂದರು. ಆಮೇಲೆ, “ಇದು ನರಸೀಪುರದ್ ಒಳೇದು ತಾನೆ?” ಎಂದು ಕೇಳಿ, ನನಗೆ ಎರಡು ತುಂಡು ಹಾಕಿ, ತಾವೂ ಹಾಕಿಕೊಂಡರು. ಇಬ್ಬರೂ ತಿಂದೆವು. ನನ್ನ ಜನ್ಮದಲ್ಲಿ ಅಂಥ ಮೀನು ತಿಂದಿಲ್ಲ.

ಆ ಹೊತ್ತಿಗೆ ಮ್ಯಾನೇಜರು ನನ್ನನ್ನು ಹುಡುಕಿಕೊಂಡು ಹಿಂಬಾಗಿಲಿಗೆ ಬಂದರು. ಬೈಯಲೆಂದೇ ಬಾಯಿ ತೆರೆದವರು, ನಾವು ಮುಳ್ಳು ಬಿಡಿಸಿ ಬಿಡಿಸಿ ತಿನ್ನುವುದನ್ನು ನೋಡಿ ಹಾಗೇ ನಿಂತರು. ಮೊಸರನ್ನ ತಿಂದ ಹೊಟ್ಟೆ, ಕಣ್ಣು ತಟ್ಟೆಯ ಮೇಲೆ.

“ಹೊಳೇದೇನೋ?” ಎಂದರು. ಧ್ವನಿ ಬಹಳ ಸಣ್ಣದಾಗಿತ್ತು.

“ತರಿಸಿದವರು ನೀವು ಸರ್, ನಿಮಗೇ ಗೊತ್ತಿರಬೇಕು” ಎಂದೆ. “ಒಂದು ತುಂಡು ಹಾಕಲಾ?”

ಆಗ ಬಂದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲೂ ಹೊಸದೇನಿರಲಿಲ್ಲ. ನಾಳೆಯಿಂದ ಬರಬೇಡ ಎಂದರು. ಬರಲಿಲ್ಲ.

ಮುಡುಕುತೊರೆ ಕಡೆಯ ಸಂಬಂಧ ತಪ್ಪಿಹೋಯಿತು. ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾದೆ, ಮುಂದೆ ಬೇರೆ ಕಡೆ ಮದುವೆಯೂ ಆಯಿತು. ಅಲ್ಲಿಯೂ ಪರ್ಮನೆಂಟ್ ಮಾಡಲು ಬಹಳ ಸತಾಯಿಸಿದರು, ಆದರೆ ಯಾರೂ ಮೀನು ತರಲು ಹೇಳಲಿಲ್ಲ.

ಅಕ್ಕ ಮಾಡಿದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಆ ವಾರದಲ್ಲೇ ಅವರು ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಖಾಲಿ ಬಿಂದಿಗೆ ಸಮೇತ ಪಂಚಾಯಿತಿ ಕಟ್ಟೆಗೆ ಹೋದರಂತೆ. ಅಧ್ಯಕ್ಷರು ಎಂದಿನಂತೆ, ನೀರು ಪರೀಕ್ಷೆಯಾಗಿದೆ, ಮೀನೇ ಬದುಕುತ್ತವೆ, ನಾವೇ ನೋಡಿ ಬಂದಿದ್ದೇವೆ ಎಂದರಂತೆ. ಅಕ್ಕ ಜಾಸ್ತಿ ಮಾತಾಡಲಿಲ್ಲ. ಇಡೀ ಊರಿನ ಮುಂದೆ ಒಂದೇ ಕೇಳಿದರಂತೆ: “ಅಂಗಾರೆ ಬಾಯಿಗಾಕ್ಕಂಡಿದ್ ಮೀನಾ ಯಾಕ್ ಈಚೆ ತೆಗುದ್ರಿ ಬುದ್ದಿ?” ಅಧ್ಯಕ್ಷರಿಗೆ ಗುರುವಾರ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಮುಂದಿನ ಮಳೆಗಾಲದೊಳಗೆ ಕೇರಿಗೆ ಬೋರಿಂಗ್ ಬಂತು.

ಕಾರ್ಖಾನೆ ಎರಡು ಸಾವಿರದ ಇಸವಿ ದಾಟಿದ ಮೇಲೂ ಕೆಲವು ವರ್ಷ ನಡೆಯಿತು. ತೊಟ್ಟಿಗೆ ನನ್ನ ನಂತರ ಯಾರು ಮೀನು ತಂದರೋ ತಿಳಿಯದು. ಕಾರ್ಖಾನೆ ಮುಚ್ಚಿದ ಸುದ್ದಿ ಬಂದಾಗ ಒಂದು ಭಾನುವಾರ ಸುಮ್ಮನೆ ಆ ಕಡೆ ಹೋಗಿದ್ದೆ. ಗೇಟಿಗೆ ಬೀಗ. ಹಾಗೇ ಹಳ್ಳದ ದಾರಿ ಹಿಡಿದು ಕೇರಿಗೆ ಇಳಿದೆ. ಅಕ್ಕನ ತಲೆ ಅರ್ಧ ಬೆಳ್ಳಗಾಗಿತ್ತು. ಬೋರಿಂಗ್ ಹತ್ತಿರವೇ ಸಿಕ್ಕರು. ಗುರುತು ಹಿಡಿದು, ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಹಿಡಿ ಒತ್ತಿ ಒತ್ತಿ ಒಂದು ಚೊಂಬು ನೀರು ತುಂಬಿ ಮುಂದೆ ಹಿಡಿದರು.

ನಾನು ಚೊಂಬನ್ನು ತೆಗೆದುಕೊಂಡು, ಹಳೆಯ ಚಾಳಿ, ಒಂದು ಕ್ಷಣ ಬಗ್ಗಿ ನೋಡಿದೆ.

“ಧೈರ್ಯವಾಗ್ ಕುಡೀರಿ ಸಾ” ಎಂದರು ಅಕ್ಕ. “ಇದ್ರಾಗೆ ಮೀನಿಲ್ಲ.”